ಹುಳಿ ವಾಸನೆಯ ಮದ್ದು

2024ರ ಅಕ್ಟೋಬರ್ 23, ಬುಧವಾರ. ಬೆಳಿಗ್ಗೆ ಏಳು ನಲವತ್ತಕ್ಕೆ ಇಬ್ರಿಯ ಪೊಲೀಸ್ ಠಾಣೆಯ ಮುಂದೆ ಬಿಳಿ ಕಾರೊಂದು ಬಂದು ನಿಂತಿತು. ಇಳಿದವರ ಹೆಸರು ಗೋಪಾಲಕೃಷ್ಣ. ಊರು ಮೈಸೂರು, ಮನೆ ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್‌ನಲ್ಲಿ, ಆಫೀಸು ಖುರುಮ್‌ನಲ್ಲಿ. ಇಬ್ರಿಯಿಂದ ಮೂವತ್ತು ಕಿಲೋಮೀಟರು ಆಚೆ ಮರಳಿನ ನಡುವೆ ಇರುವ ರಮ್ಲಾ ರೈಫಲ್ ಕ್ಲಬ್ಬಿಗೆ ಅವರು ತಾಂತ್ರಿಕ ಮ್ಯಾನೇಜರು. ಇಸ್ತ್ರಿ ಹಾಕಿದ ಅಂಗಿ, ಹಾಕಿಕೊಂಡು ಮಲಗಿದವರ ಹಾಗೆ ಸುಕ್ಕಾಗಿತ್ತು.

ದೂರು ಚಿಕ್ಕದು. ಶುಕ್ರವಾರದ ಪಂದ್ಯಕ್ಕೆಂದು ಕೈಯಲ್ಲಿ ಮದ್ದು ತುಂಬಿಸಿ ಇಟ್ಟಿದ್ದ ನಾನೂರು ರೈಫಲ್ ತೋಟಾಗಳಲ್ಲಿ ನೂರ ನಲವತ್ತು ಇಲ್ಲ. ಬೀಗ ಒಡೆದಿಲ್ಲ.

ಇನ್‌ಸ್ಪೆಕ್ಟರ್ ಖಲ್ಫಾನ್ ಕೈಯಲ್ಲಿದ್ದ ಖಹ್ವಾ ಕಾಫಿಯ ಬಟ್ಟಲನ್ನು ಕೆಳಗಿಟ್ಟರು. ಹಣ ಕಳೆದರೆ ಹಣ ಸಿಗದಿರಬಹುದು, ಅಷ್ಟೇ. ತೋಟಾ ಕಳೆದರೆ ಅದು ಎಲ್ಲಿ ಹೋಗಿ ಸಿಡಿಯುತ್ತದೆ ಎಂದು ಯಾರು ಹೇಳುತ್ತಾರೆ?

"ಬೀಗದ ಕೈ ಎಷ್ಟು?"

"ಎರಡು ಸಾರ್. ಒಂದು ನನ್ನತ್ರ. ಇನ್ನೊಂದು ತೋಟಾ ತುಂಬಿಸೋನ ಹತ್ರ. ಫೌಸ್ಟಿನ್ ಅಂತ."

ಬಾಗಿಲ ಬಳಿ ತಟ್ಟೆ ಹಿಡಿದು ನಿಂತಿದ್ದ ಹಾಜಬ್ಬ ಆ ಹೆಸರು ಕೇಳಿ ತಿರುಗಿ ನೋಡಿದ.

ಹಾಜಬ್ಬ ಉಳ್ಳಾಲದ ಕಡೆಯವನು. ಅರವತ್ತೆಂಟು ವಯಸ್ಸು, ಮೂರನೇ ಕ್ಲಾಸು. ಠಾಣೆಯಲ್ಲಿ ಅವನು ಮಾಡುವ ಕೆಲಸಕ್ಕೆ ಹೆಸರಿಲ್ಲ. ಚಹಾ ಕೊಡುತ್ತಾನೆ, ಜೀಪು ತೊಳೆಯುತ್ತಾನೆ, ನಮ್ಮ ಕಡೆಯವರು ಯಾರಾದರೂ ಸಿಕ್ಕಿಬಿದ್ದರೆ ಅವರ ಮಾತನ್ನು ಅರಬಿಗೆ ತಿರುಗಿಸುತ್ತಾನೆ. ಹುಡುಗನಾಗಿದ್ದಾಗ ಊರಿನ ಪೊಲೀಸ್ ಠಾಣೆಗೆ ಚಹಾ ಹೊತ್ತವನಾದ್ದರಿಂದ, ಇಲ್ಲಿನವರು ಬಲಾಗ್ ಅನ್ನುವ ಕಾಗದಕ್ಕೆ ಇವತ್ತಿಗೂ ಎಫ್‌ಐಆರ್ ಅನ್ನುತ್ತಾನೆ, ಮಹ್ಝರ್‌ಗೆ ಪಂಚನಾಮೆ ಅನ್ನುತ್ತಾನೆ. ಓದು ಇಲ್ಲದಿದ್ದರೂ ಅವನ ನೆನಪು ದೊಡ್ಡದು. ಯಾವ ವರ್ಷ ಯಾರು ಏನು ಹೇಳಿದರು ಎಂಬುದು ಅವನ ತಲೆಯಲ್ಲಿ ಸಾಲಾಗಿ ಕೂತಿರುತ್ತದೆ. ಹಾಗೆ ಕೂತದ್ದರಲ್ಲಿ ಒಂದು ವಾಕ್ಯ ಇಪ್ಪತ್ತೆಂಟು ವರ್ಷದಿಂದ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. 1996ರಲ್ಲಿ ಇದೇ ಫೌಸ್ಟಿನ್ ಹೇಳಿದ್ದ ವಾಕ್ಯ ಅದು. ಹಾಜಬ್ಬ ಅದನ್ನು ಅರಬಿಗೆ ತಿರುಗಿಸದೆ ನುಂಗಿದ್ದ.

8-20ಕ್ಕೆ ಎಫ್‌ಐಆರ್ ಆಯಿತು. 9-15ಕ್ಕೆ ಇನ್‌ಸ್ಪೆಕ್ಟರು, ಕಾನ್‌ಸ್ಟೇಬಲ್ ಮರ್ಹೂನ್, ಹಾಜಬ್ಬ ಮೂವರೂ ಕ್ಲಬ್ಬಿನ ಗೇಟಿನಲ್ಲಿದ್ದರು.

ತೋಟಾ ಕೋಣೆ ಎಂದರೆ ಹಡಗಿನ ತಗಡಿನ ಕಂಟೇನರು, ಅದಕ್ಕೊಂದು ಎಸಿ. ಬೀಗದ ಮೇಲೆ ಒಂದು ಗೀರೂ ಇರಲಿಲ್ಲ. ಒಳಗೆ ಎಂಟು ಪೆಟ್ಟಿಗೆ, ಐವತ್ತರಂತೆ ಲೆಕ್ಕ. ಎರಡು ಪೆಟ್ಟಿಗೆ ಪೂರ್ತಿ ಖಾಲಿ, ಮೂರನೆಯದರಲ್ಲಿ ಹತ್ತು ಉಳಿದಿತ್ತು. ಮರ್ಹೂನ್ ಅಳತೆ ಹಿಡಿದ, ಫೋಟೋ ತೆಗೆದ, ಬರೆದುಕೊಂಡ. ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ, ಎಲ್ಲರೂ ಉಂಡು ಮಲಗುವ ಮೊದಲು, ಮ್ಯಾನೇಜರು ಎಣಿಸಿದಾಗ ನಾನೂರೂ ಇತ್ತು. ಗೇಟಿನ ಪುಸ್ತಕದ ಪ್ರಕಾರ ಅಲ್ಲಿಂದೀಚೆಗೆ ಅವರ ಕಾರು ಬಿಟ್ಟು ಒಂದು ಗಾಡಿಯೂ ಹೊರಗೆ ಹೋಗಿರಲಿಲ್ಲ. ಒಬ್ಬ ಮನುಷ್ಯನೂ ಹೋಗಿರಲಿಲ್ಲ.

"ಹಾಗಾದರೆ ಮಾಲು ಇಲ್ಲೇ ಇದೆ," ಎಂದರು ಇನ್‌ಸ್ಪೆಕ್ಟರು. "ಯಲ್ಲಾ, ಹುಡುಕಿ."

ಎರಡು ಗಂಟೆ ಹುಡುಕಿದರು. ಹಾಸಿಗೆ ಮಗುಚಿದರು, ನೀರಿನ ಟ್ಯಾಂಕು ಹತ್ತಿ ಇಳಿದರು. ಫೌಸ್ಟಿನ್ ತನ್ನ ಕೋಣೆಯ ಮುಂದಿನ ಕಟ್ಟೆಯ ಮೇಲೆ ಕೂತು, ಜಪಸರದ ಮಣಿ ಎಣಿಸುತ್ತ ನೋಡುತ್ತಿದ್ದ. ಶಿರ್ವದ ಕಡೆಯ ಕ್ರಿಶ್ಚಿಯನ್, ನಾಲ್ಕನೇ ಕ್ಲಾಸು, ಅರವತ್ತಮೂರರ ತೆಳ್ಳಗಿನ ಆಳು. ಹಾಜಬ್ಬನನ್ನು ಕಂಡರೂ ಸಲಾಮು ಹೇಳಲಿಲ್ಲ.

ಹನ್ನೊಂದು ಐವತ್ತಕ್ಕೆ ಹಾಜಬ್ಬ ಆ ಕೋಣೆಯ ಹಿಂದೆ ನೆರಳಿಗೆಂದು ಹೋದ. ಬಿಸಿಲಲ್ಲಿ ಈಚಲ ಚಾಪೆಯ ಮೇಲೆ ಖರ್ಜೂರ ಒಣಗಲು ಹರಡಿತ್ತು. ಅವನು ಅಲ್ಲಿಂದ ಮುಂದೆ ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ. ಇಬ್ರಿಯ ತೋಟಗಳಲ್ಲಿ ಆಗಸ್ಟ್ ಮುಗಿಯುವಷ್ಟರಲ್ಲಿ ಖರ್ಜೂರದ ಕೆಲಸ ಮುಗಿದಿರುತ್ತದೆ, ಚಾಪೆ ಸುತ್ತಿ ಮಾಡಿಗೆ ಸಿಕ್ಕಿಸಿರುತ್ತಾರೆ. ಅಕ್ಟೋಬರದ ಕೊನೆಗೆ, ಆಗಲೇ ಒಣಗಿ ಕಲ್ಲಾದ ಖರ್ಜೂರವನ್ನು ಯಾರು ಒಣಗಿಸುತ್ತಾರೆ?

ಕಾಲಿನ ಹೆಬ್ಬೆರಳಿನಿಂದ ನಾಲ್ಕು ಹಣ್ಣು ಸರಿಸಿದ. ಕೆಳಗೆ ಹಿತ್ತಾಳೆ ಹೊಳೆಯಿತು.

ಸುಮ್ಮನೆ ಹಣ್ಣು ಮುಚ್ಚಿ ಹೋಗಿಬಿಡಬಹುದಿತ್ತು. ಆ ಆಲೋಚನೆ ಬಂದದ್ದೂ ನಿಜ. ಕಟ್ಟೆಯಿಂದ ಎದ್ದು ಬಂದಿದ್ದ ಫೌಸ್ಟಿನ್ ಕೋಣೆಯ ಮೂಲೆಯಿಂದ ಅವನನ್ನೇ ನೋಡುತ್ತಿದ್ದ.

"ಕರಿ ಮಾರಾಯ, ನಿನ್ನ ಸಾಹೇಬರನ್ನು," ಎಂದ ಫೌಸ್ಟಿನ್. "ಯಾಕೆ ಗರ ಬಡಿದವನ ಹಾಗೆ ನಿಂತಿದ್ದೀ? ಮುಚ್ಚಿಡುವುದು ನಿನಗೆ ಅಭ್ಯಾಸ ಅಂತ ಗೊತ್ತುಂಟು. ಇದನ್ನು ಮುಚ್ಚಬೇಡ."

ನೂರ ನಲವತ್ತು ಹಿತ್ತಾಳೆ ಕೊಳವೆಗಳು. ತೊಳೆದು ಒಣಗಿಸಿದ ಖಾಲಿ ಕೊಳವೆಗಳು. ಮದ್ದಿಲ್ಲ, ಗುಂಡಿಲ್ಲ. ಪಂಚನಾಮೆ ಒಂದು, ಸಮಯ 12-25. ಕದ್ದ ತೋಟಾವನ್ನು ಬಿಚ್ಚಿ ತೊಳೆಯುವ ಕಳ್ಳನನ್ನು ಮರ್ಹೂನ್ ತನ್ನ ಒಂಬತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಠಾಣೆಯಲ್ಲಿ ವಿಚಾರಣೆ.

"ಹೆಸರು?"

ಫೌಸ್ಟಿನ್ ಗೋಡೆ ನೋಡಿದ.

"ಇವನಿಗೆ ಅರಬಿ ಬರುವುದಿಲ್ಲವೇ?" ಎಂದು ಇನ್‌ಸ್ಪೆಕ್ಟರು ಹಾಜಬ್ಬನನ್ನು ಕೇಳಿದರು.

"ಬರುತ್ತದೆ ಸಾಹೇಬ್. ಮೊದಲು ಬರುತ್ತಿರಲಿಲ್ಲ, ಈಗ ನನಗಿಂತ ಚೆನ್ನಾಗಿ ಬರುತ್ತದೆ."

"ಹೇಳು ಹಾಜಬ್ಬಾ," ಎಂದ ಫೌಸ್ಟಿನ್. "ನಾನು ನಮ್ಮ ಮಾತಲ್ಲೇ ಹೇಳುವುದು. ತಿರುಗಿಸುವವನು ನೀನೇ ಆಗಬೇಕು. ಮಸ್ಕತ್ತಿನಿಂದ ಕೋಟು ಹಾಕಿದವನನ್ನು ತರಿಸಿದರೆ ನಾನು ಬಾಯಿ ಬಿಡುವುದಿಲ್ಲ."

"ನಾನೇ ಯಾಕೆ ಮಾರಾಯ?"

"ಅದು ನಿನಗೆ ಗೊತ್ತುಂಟು. ಈ ಸಲ ಒಂದು ಮಾತೂ ಬೀಳಬಾರದು. ಬೈದರೆ ಬೈಗುಳವೂ ಹೋಗಬೇಕು."

ಹಾಜಬ್ಬ ಅಷ್ಟನ್ನೂ ತಿರುಗಿಸಿ ಹೇಳಿದ. 'ಈ ಸಲ' ಎನ್ನುವುದೊಂದನ್ನು ಬಿಟ್ಟು.

"ತೋಟಾ ತೆಗೆದದ್ದು ನೀನೋ?"

"ನಾನೇ. ಮಂಗಳವಾರ ಒಂದೂವರೆಯಿಂದ. ಮ್ಯಾನೇಜರು ಇನ್ನೊಂದು ಗಂಟೆ ಗೊರಕೆ ಹೊಡೆದಿದ್ದರೆ ನಾನೂರೂ ಬಿಚ್ಚುತ್ತಿದ್ದೆ."

ಇನ್‌ಸ್ಪೆಕ್ಟರ ಮೀಸೆ ಸ್ವಲ್ಪ ಅಲುಗಿತು. "ಯಾಕೆ?"

"ಮದ್ದು ಕೆಟ್ಟಿದೆ. ಜುಲೈಯಲ್ಲಿ ನಾನು ತುಂಬಿಸುವಾಗ ಸರಿ ಇತ್ತು. ಆಮೇಲೆ ಕ್ಲಬ್ಬು ರಜೆ. ನಾನು ಊರಿಗೆ ಹೋದೆ, ಮ್ಯಾನೇಜರೂ ಹೋದರು. ಇಲ್ಲಿ ಕಂಟೇನರಿನ ಎಸಿ ಸತ್ತು ನಲವತ್ತು ದಿನ. ಆ ತಗಡಿನೊಳಗೆ ಜುಲೈಯ ಬಿಸಿಲು ಹೇಗಿರ್ತದೆ? ಮೊಟ್ಟೆ ಇಟ್ಟರೆ ಬೇಯುತ್ತದೆ. ಬಂದವನು ಒಂದು ತೋಟಾ ಬಿಚ್ಚಿ ಮೂಸಿದೆ. ಹುಳಿ. ತಾಮ್ರದ ಪಾತ್ರೆಯಲ್ಲಿ ಹಳಸಿದ ಗಂಜಿ ಇಟ್ಟ ಹಾಗೆ."

"ಮೂಗನ್ನು ಕೋರ್ಟು ಒಪ್ಪುವುದಿಲ್ಲ."

"ಮೂಗು ಬೇಡ, ಯಂತ್ರ ಉಂಟಲ್ಲ, ಗುಂಡಿನ ವೇಗ ಅಳೆಯುವುದು. ಕೇಳಿ. ಒಳ್ಳೆ ಮದ್ದು ಎಂದರೆ ಜೋರಾಗಿ ಹೊಡೆಯುವುದಲ್ಲ. ಹತ್ತು ಸಲ ಹೊಡೆದರೂ ಒಂದೇ ಹಾಗೆ ಹೊಡೆಯುವುದು. ಜುಲೈಯಲ್ಲಿ ಹತ್ತು ಗುಂಡು ಹೊಡೆದು ನೋಡಿದೆವು. ಎಲ್ಲಕ್ಕಿಂತ ನಿಧಾನದ ಗುಂಡಿಗೂ ಎಲ್ಲಕ್ಕಿಂತ ವೇಗದ್ದಕ್ಕೂ ಸೆಕೆಂಡಿಗೆ ಒಂಬತ್ತಡಿ ವ್ಯತ್ಯಾಸ. ಸೆಪ್ಟೆಂಬರದಲ್ಲಿ ಅದೇ ತೋಟಾ, ಅದೇ ರೈಫಲು, ನೂರೈವತ್ತಡಿಯ ಮೇಲೆ! ಒಂದೇ ಪಾತ್ರೆಯ ಕುಚ್ಚಲಕ್ಕಿಯಲ್ಲಿ ಒಂದು ಅಗುಳು ಗಂಜಿಯಾಗಿ, ಇನ್ನೊಂದು ಕಲ್ಲಾಗಿ ಉಳಿದರೆ ಉಣ್ಣುತ್ತೀರಾ? ನಿಧಾನದ್ದು ಗುರಿ ತಪ್ಪುತ್ತದೆ, ಅಷ್ಟೇ. ವೇಗದ್ದು ಒಂದು ದಿನ ಹಿಂದಕ್ಕೆ ಬರುತ್ತದೆ. ಹೊಡೆಯುವವರ ಮುಖಕ್ಕೆ."

ಕುಚ್ಚಲಕ್ಕಿಗೆ ಅರಬಿಯಲ್ಲಿ ಏನು ಹೇಳುವುದೆಂದು ಹಾಜಬ್ಬ ಒಂದು ಗಳಿಗೆ ತಡವರಿಸಿದ. ಆಮೇಲೆ ಅಕ್ಕಿ ಎಂದಷ್ಟೇ ಹೇಳಿದ.

"ಮ್ಯಾನೇಜರಿಗೆ ಹೇಳಿದೆಯಾ?"

"ಮೂರು ಸಲ. ಮೂರು ಸಲವೂ ನಕ್ಕರು."

"ಮದ್ದು, ಗುಂಡು ಎಲ್ಲಿ?"

"ಹೇಳುವುದಿಲ್ಲ. ಉಳಿದ ಇನ್ನೂರ ಅರವತ್ತನ್ನು ಶುಕ್ರವಾರ ಪಂದ್ಯಕ್ಕೆ ಬರುವ ಮಕ್ಕಳು ಹೊಡೆಯುತ್ತಾರೆ. ಮೊದಲು ಅದನ್ನು ಪರೀಕ್ಷೆ ಮಾಡಿ. ಆಮೇಲೆ ಹೇಳುತ್ತೇನೆ. ಅಲ್ಲಿವರೆಗೆ ಚರ್ಮ ಸುಲಿದರೂ ಇಲ್ಲ."

ಗೋಪಾಲಕೃಷ್ಣರನ್ನು ಕೇಳಿದಾಗ ಅವರು ಛಾಪಿಸಿದ ಹಾಳೆ ತೆಗೆದು ಮುಂದಿಟ್ಟರು. ಸೆಪ್ಟೆಂಬರ್ 18ರ ಪರೀಕ್ಷೆ, ವ್ಯತ್ಯಾಸ ಹನ್ನೆರಡು ಅಡಿ. ಅವರ ದನಿಯಲ್ಲಿ ಅಳುಕಿರಲಿಲ್ಲ.

"ನೋಡಿ ಸಾರ್, ಆತ ಕೆಲಸಗಾರ ಒಳ್ಳೆಯವನೇ. ಆದ್ರೆ ನಾಲ್ಕನೇ ಕ್ಲಾಸು. ಮೂಸಿ ನೋಡಿ ಕೆಮಿಸ್ಟ್ರಿ ಹೇಳ್ತಾನೆ ಅಂದ್ರೆ ನಾನು ಒಪ್ಪಲಾ? ಇದೇ ತೋಟಾದಲ್ಲಿ ಶುಕ್ರವಾರ ಹೊಡೆಯೋಳು ನನ್ನ ಮಗಳೇ. ಅಪಾಯ ಇದ್ರೆ ಕೊಡ್ತಿದ್ನಾ?"

ಅದು ಸುಳ್ಳಲ್ಲ ಎಂದು ಹಾಜಬ್ಬನಿಗೆ ಅನ್ನಿಸಿತು. ಸುಳ್ಳು ಹೇಳುವವರನ್ನು ಅವನು ಬಹಳ ಕಂಡವನು. ಇವರು ನಂಬಿ ಹೇಳುತ್ತಿದ್ದರು, ಅದೇ ಭಯ ಹುಟ್ಟಿಸಿತು.

ನಾಲ್ಕೂಮುಕ್ಕಾಲಿಗೆ ಆ ಮಗಳೇ ಠಾಣೆಗೆ ಬಂದಳು. ಆಶಿತಾ, ಹತ್ತೊಂಬತ್ತು ವರ್ಷ. ಕೈಯಲ್ಲಿ ಒಂದು ಚಿಕ್ಕ ನೋಟುಬುಕ್ಕು. ಅಪ್ಪ ಬಾಗಿಲಲ್ಲೇ ತಡೆದರು.

"ನೀನ್ಯಾಕೆ ಬಂದೆ? ಕಾರಲ್ಲಿ ಕೂತ್ಕೋ ಹೋಗು."

"ನೋ ಪಪ್ಪಾ. ಆ ದಿನ ನಂಬರ್ಸ್ ಬರ್ಕೊಂಡಿದ್ದು ನಾನು. ಫೌಸ್ಟಿನ್ ಅಂಕಲ್ ರೋಸರಿಯಲ್ಲಿ ಹತ್ತು ಶಾಟ್ ಎಣಿಸ್ತಾ ಓದಿ ಹೇಳ್ತಿದ್ರು. ಟ್ವೆಲ್ವ್ ಅಲ್ಲ, ಒನ್ ಫಿಫ್ಟಿ ಟೂ. ನಿಮ್ಮ ಶೀಟ್‌ನಲ್ಲಿ ಬೇರೆ ಇದೆ."

ಇನ್‌ಸ್ಪೆಕ್ಟರು ಪೆನ್ಸಿಲಿನ ಅಂಕಿಗಳನ್ನೂ ಛಾಪಿಸಿದ ಅಂಕಿಗಳನ್ನೂ ಪಕ್ಕಪಕ್ಕ ಇಟ್ಟರು. "ಬದಲಾಯಿಸಿದಿರಾ?"

"ತಿದ್ದಿದೆ," ಎಂದರು ಗೋಪಾಲಕೃಷ್ಣ. ಮುಖ ಕೆಂಪಗಾಗಿತ್ತು. "ಅದು ಬೆಳಕಿನಿಂದ ಓದೋ ಯಂತ್ರ. ನೆತ್ತಿ ಮೇಲೆ ಬಿಸಿಲು ಇದ್ರೆ ತಪ್ಪು ಓದುತ್ತೆ, ಎಲ್ರಿಗೂ ಗೊತ್ತಿರೋದೇ. ಜುಲೈ ನಂಬರ್ ನೋಡ್ಕೊಂಡು ಸರಿಯಾಗಿ ಎಷ್ಟಿರ್ಬೇಕೋ ಅಷ್ಟು ಹಾಕಿದೆ. ಬೇಕಾದ್ರೆ ನಾಳೆ ನೆರಳಲ್ಲಿ ಇಟ್ಟು ಹೊಡೀರಿ. ನಾನೇ ಹೊಡೀತೀನಿ!"

"ನೀವು ಹೊಡೆಯುವುದಿಲ್ಲ," ಎಂದರು ಇನ್‌ಸ್ಪೆಕ್ಟರು. "ಆದರೆ ಹೊಡೆಯೋಣ."

ಅಕ್ಟೋಬರ್ 24, ಗುರುವಾರ, ಬೆಳಿಗ್ಗೆ ಹತ್ತು ಗಂಟೆ. ರೇಂಜಿನಲ್ಲಿ ಯಂತ್ರದ ಮೇಲೆ ದಪ್ಪ ಟಾರ್ಪಾಲು ಕಟ್ಟಿ ಗೋಪಾಲಕೃಷ್ಣರೇ ನೆರಳು ಮಾಡಿಕೊಟ್ಟರು. ಆಶಿತಾಳ ರೈಫಲನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, ಟ್ರಿಗರಿನ ಕುದುರೆಗೆ ಉದ್ದದ ಹಗ್ಗ ಕಟ್ಟಿ, ಸಿಮೆಂಟಿನ ಗೋಡೆಯ ಹಿಂದಿನಿಂದ ಎಳೆಯುವ ಏರ್ಪಾಟು. ಪೆಟ್ಟಿಗೆಯಿಂದ ಹತ್ತು ತೋಟಾ ಆರಿಸಿದವನು ಮರ್ಹೂನ್. ಪಂಚರ ಸಹಿ ಆಯಿತು.

ಫೌಸ್ಟಿನ್ ಜಪಸರ ತೆಗೆದ. ಹತ್ತು ಚಿಕ್ಕ ಮಣಿ, ಆಮೇಲೆ ಒಂದು ದೊಡ್ಡದು. ಹತ್ತು ಗುಂಡಿಗೆ ಹತ್ತು ಮಣಿ, ದೊಡ್ಡ ಮಣಿಗೆ ನಳಿಗೆ ಒರೆಸುವುದು. ಮೂವತ್ತು ವರ್ಷ ಅವನು ತಪ್ಪದೆ ಎಣಿಸಿದ್ದು ಹಾಗೆ. ಹಾಜಬ್ಬನ ಕೈ ತಾನಾಗಿಯೇ ಜೇಬಿನ ತಸ್ಬೀಹ್ ಮಣಿಸರಕ್ಕೆ ಹೋಯಿತು.

ರೈಫಲಿಗೆ ತೋಟಾ ಹಾಕಿ ಹಾಕಿ ಗೋಡೆಯ ಹಿಂದೆ ಓಡಿ ಬರುವವನು ಮರ್ಹೂನ್. ಪರದೆಯ ಅಂಕಿ ಓದುವವಳು ಆಶಿತಾ.

"2702."

"2655."

"2748."

ಗೋಪಾಲಕೃಷ್ಣ ಟಾರ್ಪಾಲಿನ ಕಡೆ ನೋಡಿದರು. ಬಿಸಿಲಿನ ಒಂದು ಎಳೆಯೂ ಒಳಗೆ ಬಿದ್ದಿರಲಿಲ್ಲ.

"2631."

"2790."

"2688."

ಆರು ಮಣಿ. ನೂರ ಐವತ್ತೊಂಬತ್ತು ಅಡಿ.

"ಬ್ಯಾಟರಿ ವೀಕ್ ಇರ್ಬಹುದು," ಎಂದರು ಗೋಪಾಲಕೃಷ್ಣ. ಆಶಿತಾ ಬ್ಯಾಟರಿ ನೋಡಲು ಗೋಡೆಯಿಂದ ಆಚೆಗೆ ಒಂದು ಹೆಜ್ಜೆ ಇಟ್ಟಳು.

"ಮಗಳೇ, ಒಳಗೆ ಬಾ!" ಎಂದು ಫೌಸ್ಟಿನ್ ಕೂಗಿದ ಕೂಗಿಗೆ ಮರ್ಹೂನ್ ಕೂಡ ಹಗ್ಗ ಬಿಟ್ಟ. ಅವಳು ಒಳಗೆ ಬಂದ ಮೇಲೆ ಎಳೆದ.

ಏಳನೆಯದರ ಸದ್ದೇ ಬೇರೆ. ಗುಂಡು ಹೊಡೆದ ಹಾಗಿರಲಿಲ್ಲ, ಕಬ್ಬಿಣದ ಬಾಗಿಲು ಒದ್ದ ಹಾಗಿತ್ತು. ಗೋಡೆಯ ಆಚೆ ಏನೋ ಹಾರಿ ಬಿದ್ದು ಮರಳಲ್ಲಿ ಉರುಳಿತು. ಹೊಗೆ ಕರಗಿದ ಮೇಲೆ ಹೋಗಿ ನೋಡಿದರೆ ರೈಫಲಿನ ಹಿಡಿಯ ಮರ ಸೀಳಿತ್ತು. ತೋಟಾದ ಹಿಂದೆ ಮುಚ್ಚುವ ಬೋಲ್ಟಿನ ಉಕ್ಕಿನ ಒಂದು ಚೂರು, ಹೆಬ್ಬೆರಳಿನಷ್ಟು ದಪ್ಪದ್ದು, ಹೊಡೆಯುವವರು ಕೆನ್ನೆ ಇಟ್ಟು ಮಲಗುವ ಜಾಗದ ಹಿಂದಿನ ಹಲಗೆಗೆ ನಾಟಿ ನಿಂತಿತ್ತು.

ಗೋಪಾಲಕೃಷ್ಣ ಆ ಚೂರನ್ನು ಮುಟ್ಟಿದರು. ಬಿಸಿಯಿತ್ತು, ಕೈ ಹಿಂತೆಗೆದರು. ಆಮೇಲೆ ಮಗಳ ಬಲಗೆನ್ನೆ ನೋಡಿದರು. ಕಟ್ಟೆಯ ಮೇಲೆ ಕೂತುಬಿಟ್ಟರು.

10-42ಕ್ಕೆ ಪರೀಕ್ಷೆ ನಿಲ್ಲಿಸಲಾಯಿತು. ಪಂದ್ಯ ರದ್ದು. ಉಳಿದ ತೋಟಾಗಳಿಗೆ ಸೀಲು. ವರದಿ ತಿದ್ದಿದ್ದಕ್ಕೆ ಗೋಪಾಲಕೃಷ್ಣರ ಮೇಲೆ ಬೇರೆ ಎಫ್‌ಐಆರ್ ದಾಖಲಿಸಲು ಇನ್‌ಸ್ಪೆಕ್ಟರು ಮರ್ಹೂನ್‌ಗೆ ಹೇಳಿದರು.

"ಗುಂಡು ಆ ಬೆಂಕಿ ಆರಿಸುವ ಬಕೀಟಿನಲ್ಲಿ, ಮರಳಿನ ಕೆಳಗೆ," ಎಂದ ಫೌಸ್ಟಿನ್, ಕೇಳುವ ಮೊದಲೇ. "ಮದ್ದು ಹಿಂದಿನ ಡ್ರಮ್ಮಿನಲ್ಲಿ, ನೀರಿನೊಳಗೆ. ಎಣಿಸಿಕೊಳ್ಳಿ."

ಎಣಿಸಿದರು. ಗುಂಡು ನೂರ ನಲವತ್ತು. ಡ್ರಮ್ಮಿನ ತಳದಲ್ಲಿ ಮದ್ದಿನ ಕೆಸರು. ಪಂಚನಾಮೆ ಎರಡು. ಕ್ಲಬ್ಬಿನ ಗೇಟು ದಾಟಿದ್ದು ಒಂದು ಕಾಳೂ ಇರಲಿಲ್ಲ.

ಒಂದು ಗಂಟೆಗೆ ಠಾಣೆ.

"ನೀನು ಒಂದು ಹುಡುಗಿಯ ಮುಖ ಉಳಿಸಿದ್ದೀ," ಎಂದರು ಇನ್‌ಸ್ಪೆಕ್ಟರು. "ಆದರೂ ಬೀಗದ ಕೋಣೆಯಿಂದ ಹೇಳದೆ ತೋಟಾ ತೆಗೆದದ್ದು ಅಪರಾಧ. ಉಳಿದದ್ದು ಕೋರ್ಟು ನೋಡುತ್ತದೆ. ನಾನು ಬಂಧಿಸಲೇಬೇಕು."

"ಬಂಧಿಸಿ. ಬೇಡ ಅಂತ ಯಾರು ಹೇಳಿದ್ದು?" ಫೌಸ್ಟಿನ್ ಎರಡೂ ಕೈ ಮೇಜಿನ ಮೇಲಿಟ್ಟ.

"ಮಾಡಿದ್ದಕ್ಕೆ ಪಶ್ಚಾತ್ತಾಪ ಇದೆಯೇ? ಬರೆದುಕೊಳ್ಳಬೇಕು."

"ಇಲ್ಲ ಅಂತ ಬರೆಯಿರಿ. ದಪ್ಪ ಅಕ್ಷರದಲ್ಲಿ ಬರೆಯಿರಿ. ಇನ್ನೊಂದು ಸಲ ಹುಳಿ ನಾತ ಬಂದರೆ ಇನ್ನೊಂದು ಸಲ ತೆಗೆಯುತ್ತೇನೆ."

ಹಾಜಬ್ಬ ಹಾಗೆಯೇ ಹೇಳಿದ, ದಪ್ಪ ಅಕ್ಷರ ಸಹಿತ. 1-20ಕ್ಕೆ ಬಂಧನ ದಾಖಲಾಯಿತು.

"ಕೊನೆಯ ಪ್ರಶ್ನೆ. ದೂರು ಕೊಡಬಹುದಿತ್ತು, ಇಲ್ಲಿಗೆ ಬರಬಹುದಿತ್ತು. ಕದಿಯುವ ದಾರಿಯೇ ಯಾಕೆ?"

ಫೌಸ್ಟಿನ್ ಈಗ ಇನ್‌ಸ್ಪೆಕ್ಟರನ್ನು ನೋಡಲಿಲ್ಲ. ಹಾಜಬ್ಬನನ್ನು ನೋಡಿದ.

"ಬಂದಿದ್ದೆ. 1996ರಲ್ಲಿ. ಹಳೇ ರೇಂಜಿನಲ್ಲಿ ನಾನು ತುಂಬಿಸಿದ ತೋಟಾ ಸಿಡಿದು ನನ್ನ ಜೊತೆಗಾರ ಸ್ಯಾವಿಯೋನ ಬಲಗಣ್ಣು ಹೋಯಿತು. ಆವತ್ತು ಇದೇ ಠಾಣೆಯಲ್ಲಿ ನಾನು ಹೇಳಿದೆ. ಮದ್ದು ಹುಳಿ ನಾರುತ್ತಿತ್ತು, ತುಂಬಿಸುವುದಿಲ್ಲ ಎಂದೆ, ಸಾಹೇಬರು ತುಂಬಿಸು ಎಂದರು, ಅಂತ. ಕಾಗದದಲ್ಲಿ ಬಂದದ್ದು ಮಾತ್ರ, ಆಳು ಅಜಾಗ್ರತೆಯಿಂದ ತುಂಬಿಸಿದ ಅಂತ. ಸ್ಯಾವಿಯೋ ಊರಿಗೆ ಹೋದ. ಇವತ್ತಿಗೂ ನನ್ನ ಹತ್ತಿರ ಮಾತಿಲ್ಲ. ಹೇಳಿದರೆ ಏನಾಗುತ್ತದೆ ಅಂತ ನನಗೆ ಗೊತ್ತಾಯಿತು ಸಾಹೇಬ್. ಅದಕ್ಕೆ ಈ ಸಲ ಹೇಳಿ ಸುಮ್ಮನಾಗಲಿಲ್ಲ, ಮಾಡಿದೆ."

ಇನ್‌ಸ್ಪೆಕ್ಟರು ಪೆನ್ನು ಹಿಡಿದು ಕಾಯುತ್ತಿದ್ದರು. "ಏನಂತೆ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೂವತ್ತು ವರ್ಷ ಹಾಜಬ್ಬ ಮಾತು ತಿರುಗಿಸಿದ್ದು ಹಾಗೆ. ತುಂಬಿಸು ಎಂದ ಆ ಹಳೇ ರೇಂಜಿನ ಸಾಹೇಬರು ಹಾಜಬ್ಬನ ಸ್ವಂತ ಕಫೀಲ್, ವೀಸಾ ಕೊಟ್ಟ ಧಣಿ. ಅವನ ಪಾಸ್‌ಪೋರ್ಟು ಅವರ ಪೆಟ್ಟಿಗೆಯಲ್ಲಿತ್ತು, ಹೊಸ ಹೆಂಡತಿ ಉಳ್ಳಾಲದಲ್ಲಿದ್ದಳು. ಒಂದೇ ಒಂದು ವಾಕ್ಯ ಬಿಟ್ಟರೆ ಯಾರಿಗೇನು ಎಂದುಕೊಂಡಿದ್ದ. ಕಫೀಲ್ ತೀರಿಹೋಗಿ ಹದಿನಾಲ್ಕು ವರ್ಷ. ಆದರೆ ಸುಳ್ಳು ತರ್ಜುಮೆ ಮಾಡಿದ ಎಂದು ಈಗ ಗೊತ್ತಾದರೆ ಈ ಬಾಗಿಲು, ಈ ಚಹಾ ಕೆಟಲು, ಈ ವೀಸಾ ಎಲ್ಲ ಇವತ್ತಿಗೇ ಖಲಾಸ್.

ಫೌಸ್ಟಿನ್ ಒತ್ತಾಯ ಮಾಡಲಿಲ್ಲ. ಜಪಸರದ ದೊಡ್ಡ ಮಣಿಯನ್ನು ಹಿಡಿದು ಕೂತಿದ್ದ.

ಹಾಜಬ್ಬ ಮೊದಲಿನಿಂದ ಕೊನೆಯವರೆಗೆ ಹೇಳಿದ. ಹುಳಿ ವಾಸನೆ, ಸ್ಯಾವಿಯೋನ ಕಣ್ಣು, 'ತುಂಬಿಸುವುದಿಲ್ಲ ಎಂದೆ, ಸಾಹೇಬರು ತುಂಬಿಸು ಎಂದರು'. ಇನ್‌ಸ್ಪೆಕ್ಟರು ಬರೆದು ಚುಕ್ಕೆ ಇಟ್ಟರು.

"ಮುಗಿಯಿತೇ?"

"ಇವನದ್ದು ಮುಗಿಯಿತು ಸಾಹೇಬ್." ಹಾಜಬ್ಬ ತಟ್ಟೆಯನ್ನು ಕಿಟಕಿಯ ಮೇಲಿಟ್ಟ. "ಈ ವಾಕ್ಯವನ್ನು ಇವನು ಆವತ್ತೂ ಹೀಗೆಯೇ ಹೇಳಿದ್ದ. ಅಕ್ಷರಕ್ಕೆ ಅಕ್ಷರ. ತಿರುಗಿಸಬೇಕಾದವನು ನಾನು. ನಾನು ತಿರುಗಿಸಲಿಲ್ಲ."

ಮರ್ಹೂನ್ ಬಾಗಿಲಿಗೆ ಒರಗಿದ್ದವನು ನೆಟ್ಟಗಾದ.

"ಇದು ಅವನ ಮಾತೋ, ನಿನ್ನದೋ?" ಎಂದು ಕೇಳಿದರು ಇನ್‌ಸ್ಪೆಕ್ಟರು.

"ನನ್ನದು."

"ಇದನ್ನು ಬರೆದರೆ ನಾಳೆ ನೀನು ಇಲ್ಲಿ ಇರಲಿಕ್ಕಿಲ್ಲ. ಗೊತ್ತಿದೆಯೇ?"

"ಗೊತ್ತುಂಟು. ಬರೆಯಿರಿ."

ಫೌಸ್ಟಿನ್ ತಲೆ ಎತ್ತಿದ. ನಗಲಿಲ್ಲ. ಪಕ್ಕದ ಖಾಲಿ ಕುರ್ಚಿಯನ್ನು ಕಾಲಿನಿಂದ ಮುಂದಕ್ಕೆ ನೂಕಿದ. "ಕೂತುಕೋ ಮಾರಾಯ," ಎಂದ. "ನಿಂತು ಹೇಳಿಕೆ ಕೊಡುವುದು ಯಾರು?"

ಆ ಕೋಣೆಯಲ್ಲಿ ಹಾಜಬ್ಬ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.

ಇನ್‌ಸ್ಪೆಕ್ಟರ್ ಖಲ್ಫಾನ್ ಹೊಸ ಹಾಳೆ ತೆಗೆದು, ಮೇಲೆ ತಾರೀಕು ಹಾಕಿ, ಸಮಯ 1-55 ಎಂದು ಬರೆದರು.

"ಹೆಸರು?"